ಹಾಟಿಲಿ ಎಂಬ ಊರು

ಗ್ರಿಮ್ಸ್‌ಬಿಯ ಮೀನು ಕಾರ್ಖಾನೆಯ ಮೇಲಂತಸ್ತು.
ಮೇಜಿನ ಮೇಲೆ ನಾಲ್ಕು ಲೋಟ ನೀರು, ಒಂದು ಹಾಳೆ.
ಹಾಳೆಯಲ್ಲಿ ಮೇಲ್ವಿಚಾರಕಿ ಮೊಯ್ರಾ ಥರ್ಕೆಲ್
ಕೊಟ್ಟ ದೂರು, ಮೂರೇ ಸಾಲು:
ಚೂರಿ ಕೆಳಗಿಟ್ಟಳು, ಸ್ಲೋಲಿ.
ನನ್ನನ್ನು ನೋಡಿದಳು, ಕೋಲ್ಡ್ಲಿ.
ನಡೆದುಹೋದಳು, ಹಾಟಿಲಿ.

ನಾನು ದುಭಾಷಿ.
ಗಂಟೆಗೆ ಇಪ್ಪತ್ತೆರಡು ಪೌಂಡು, ರೈಲುಚಾರ್ಜು ಬೇರೆ.
ನಾನಿನ್ನೂ ಬಾಯಿ ತೆರೆದಿರಲಿಲ್ಲ,
ಬೀರಮ್ಮ ಹರಿಕಂತ್ರ ನನ್ನ ತೋಳು ತಟ್ಟಿದಳು:
"ಹಾಟಿ ಅಂದ್ರೆ ಯಾವೂರ್ರಾ?
ಮನೇಲಿ, ಪೇಟೇಲಿ, ದೋಣೀಲಿ ಅಂದಂಗೆ
ಹಾಟೀಲಿ, ಹಾಟೀಲಿ ಅಂತಾರೆ.
ನಾ ಅಲ್ಲಿಗೆ ಹೋಗ್ಲೇ ಇಲ್ಲ.
ಪಾಯ್ಖಾನೆಗೆ ಹೋದದ್ದು."

ನಕ್ಕುಬಿಟ್ಟೆ.
ದುಭಾಷಿ ನಗುವಂತಿಲ್ಲ, ಒಪ್ಪಂದದ ಏಳನೆಯ ಕಲಮು.
ಕೆಮ್ಮಿದ ಹಾಗೆ ಮಾಡಿ
ನನ್ನ ಕನ್ನಡದೊಳಗೆ ಕೈಹಾಕಿ ತಡಕಿದೆ.

ಗರ್ವದಿಂದ? ಅದಕ್ಕೆ ಕಿರೀಟ ಬೇಕು, ಚೆಂಡೆ ಬೇಕು,
ರಬ್ಬರ್ ಬೂಟು ಹಾಕಿಕೊಂಡು ಗರ್ವಪಡಲಾಗದು.
ಜಂಬದಿಂದ ಅಂದರೆ ಹೊಸ ಸೈಕಲ್ಲಿನ ಹುಡುಗ.
ಬಿಂಕದಿಂದ ಅಂದರೆ ಮದುವೆಮನೆಯ ಜರಿ ಸೆರಗು.
ಧಿಮಾಕಿಗೆ ಮೀಸೆ ಇರಬೇಕು.
ಠೀವಿ ಯಜಮಾನರ ಪೈಕಿ:
ನೆಟ್ಟಗಿನ ಬೆನ್ನು ಕೋಟಿನೊಳಗಿದ್ದರೆ ಅದು ಠೀವಿ,
ಅದೇ ಬೆನ್ನು ಕೂಲಿಯವಳ ರವಿಕೆಯೊಳಗಿದ್ದರೆ

"ಸೊಕ್ಕಿನಿಂದ" ಎಂದೆ.
ಸರಿಯಾದ ಪದ ಹಿಡಿದೆನೆಂದು
ಕನ್ನಡಕವನ್ನು ಒಂದಿಷ್ಟು ಮೇಲಕ್ಕೇರಿಸಿಕೊಂಡೆ.

ಅವಳ ಮುಖ
ಉಪ್ಪು ಸವರಿದ ಮೀನಿನ ಹಾಗೆ ಬಿಗಿಯಾಯಿತು.
ಹಾಟಿ ಅವಳು ಕಾಣದ ಊರು.
ಸೊಕ್ಕು ಹಾಗಲ್ಲ, ಅದರ ಗಲ್ಲಿಗಲ್ಲಿ ಗೊತ್ತು ಅವಳಿಗೆ,
ಹೊನ್ನಾವರದ ಜಗುಲಿಗಳಲ್ಲಿ
ಬುಟ್ಟಿ ಇಳಿಸಿದರೂ ಬೆಲೆ ಇಳಿಸದಿದ್ದ ದಿನಗಳಿಂದ.
ಇಷ್ಟು ನೀರು ದಾಟಿ ಬಂದದ್ದು
ಆ ಪದ ಇಲ್ಲಿರಲಿಕ್ಕಿಲ್ಲ ಎಂದಿರಬೇಕು.
ನಾನು ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದೆ.

ಬಹಳ ಹೊತ್ತಿನ ಮೇಲೆ ಹೇಳಿದಳು:
"ಹ್ಯಾಡಕ್ಕಿನಲ್ಲಿ ಮುಳ್ಳದೆ ಅಂದ್ರು ಅವ್ರು.
ಮುಳ್ಳಿರಲಿಲ್ಲ.
ಇಲ್ಲ ಅನ್ನೂಕೆ ನಂಗೆ ಇಂಗ್ಲಿಷ್ ಬರ್ಲಿಲ್ಲ.
ಬೆನ್ನಲ್ಲಿ ಹೇಳ್ದೆ."

ಇದನ್ನು ಇಂಗ್ಲಿಷಿಗೆ ತಂದೆ, ಕುಂಟುತ್ತ.
ಮೊಯ್ರಾ ಹಾಳೆಯನ್ನೇ ನೋಡುತ್ತಿದ್ದಳು.
ಬೀರಮ್ಮ ನಡೆದದ್ದು ನೀರು ಹರಿಯುವ ಸಿಮೆಂಟು ನೆಲದ ಮೇಲೆ,
ಇಪ್ಪತ್ತೆಂಟು ಹೆಜ್ಜೆ.
ಹಾಟಿ ಎಂಬ ಊರು ಎಲ್ಲಾದರೂ ಇದ್ದರೆ
ಅದು ಈ ಹೆಂಗಸಿನ ತಿಳಿನೀಲಿ ಕಣ್ಣಿನಲ್ಲಿರಬೇಕು,
ಇಲ್ಲವೇ ನನ್ನ ಕನ್ನಡಕದಲ್ಲಿ.

ವಿಷಾದವಿದೆಯೇ ಕೇಳಿ, ಎಂದರು ಟೈ ಕಟ್ಟಿದವರು.
ಕೇಳಿದೆ.
"ಹೋಗ್ಲಿ" ಎಂದಳು ಬೀರಮ್ಮ.
ಆ ಲಿ ಕಿವಿಗೆ ಬಿದ್ದು
ಮೊಯ್ರಾ ತಟ್ಟನೆ ತಲೆ ಎತ್ತಿದಳು,
ಯಾರೋ ತನ್ನ ಮೇಲೂ ಒಂದು ಪದ ಬರೆದರೆನ್ನುವಂತೆ.

ಎಚ್ಚರಿಕೆ ಪತ್ರ ಕೊಟ್ಟರು. ಕೆಲಸ ಉಳಿಯಿತು.
ಹೊರಗೆ ಹಡಗುಕಟ್ಟೆಯ ಇಟ್ಟಿಗೆ ಗೋಪುರ
ಮುನ್ನೂರು ಅಡಿ ಕತ್ತೆತ್ತಿ ನಿಂತಿತ್ತು.
ಅದಕ್ಕೆ ಯಾರೂ ನೋಟೀಸು ಕೊಟ್ಟಿರಲಿಲ್ಲ.

ಗೇಟಿನ ಹತ್ತಿರ ಓಡಿಬಂದು
ಕೆಲಸಗಾರರ ಪಾಲಿನ ಪೊಟ್ಟಣವೊಂದನ್ನು
ನನ್ನ ಕೈಗೆ ತುರುಕಿದಳು, ಮಾತಾಡಲಿಲ್ಲ.
ಹೇಗೆ ಕೊಟ್ಟಳು, ಅದಕ್ಕೊಂದು ಪದ
ಡಾನ್‌ಕಾಸ್ಟರಿನ ತನಕ ರೈಲಿನಲ್ಲಿ ಹುಡುಕಿದೆ.

ರಾತ್ರಿ ಹುರಿದುಕೊಂಡು ಕೂತೆ.
ತುತ್ತು ತುತ್ತಿಗೂ ನಾಲಿಗೆಯಲ್ಲಿ ತಡಕುತ್ತ,
ಬಿಳಿ ಎಳೆ ಎಳೆ ಬಿಡಿಸುತ್ತ,
ಒಂದಾದರೂ ಮುಳ್ಳು ಸಿಗಲಿ,
ಚಿಕ್ಕದಾದರೂ ಸರಿ, ಒಂದು ಸಿಗಲಿ ಎಂದು.